ಹೆಬ್ಬಾತು ತಾನಾಗಿಯೇ ಹಾರುತ್ತದೆ, ಕಲ್ಲು ಎಸೆಯಬೇಡಿ

ನಮ್ಮ ದೊಡ್ಡ ಲೆನ್ಸ್ ಮೂರು ವಾರ ರಿಪೇರಿ ಅಂಗಡಿಯಲ್ಲಿತ್ತು. ಮಳೆಗಾಲದ ತೇವಕ್ಕೆ ಒಳಗಿನ ಗಾಜಿಗೆ ಜೇಡರ ಬಲೆಯಂಥ ಬೂಷ್ಟು ಹಿಡಿದಿತ್ತು, ಫೋಕಸ್ ಮೋಟರ್ ಕರಕರ ಅನ್ನುತ್ತಿತ್ತು. ಇಬ್ಬರು ಸೇರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ರಿಪೇರಿ ಬಿಲ್ 7,800 ರೂಪಾಯಿ. ಒಂದು ಫೋಟೋ ಅಚ್ಚಾದರೆ ಸ್ಟ್ರಿಂಗರ್ ಕೈಗೆ ಎಷ್ಟು ಬರುತ್ತದೆ ಅಂತ ಗೊತ್ತಿದ್ದವರು ಈ ಲೆಕ್ಕ ನೋಡಿ ನಗಬಹುದು. ನಗಲಿ.

ಲೆನ್ಸ್ ಬಂದ ವಾರವೇ ಮಾಗಡಿ ಕೆರೆಗೆ ಹೋದೆವು. ಕೆಂಪೇಗೌಡರ ಮಾಗಡಿಯಲ್ಲ, ನಮ್ಮ ಗದಗ ಜಿಲ್ಲೆಯ ಮಾಗಡಿ. ಮಳೆನೀರು ನಿಲ್ಲಿಸಿ ಹೊಲಕ್ಕೆ ಬಿಡಲು ಕಟ್ಟಿದ ಸುಮಾರು 50 ಹೆಕ್ಟೇರ್ ಕೆರೆ. ಚಳಿಗಾಲ ಬಂತೆಂದರೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಹಕ್ಕಿ ಇದು. ಹಿಮಾಲಯ ದಾಟುವಾಗ 7 ಸಾವಿರ ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. 2024ರ ಜನವರಿಯಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದ್ದೂ ಆಗಲೇ.

ಏರಿ ಮೇಲೆ ಸ್ಟ್ಯಾಂಡ್ ಹೂಡಿ ಕೂತಿದ್ದೆವು. ಒಬ್ಬ ಹುಡುಗ ಬಂದು ಕೇಳಿದ: "ಸರ್, ಕಲ್ಲು ಒಗೀಲೇನ್ರಿ? ಎಲ್ಲಾ ಒಮ್ಮೆಗೇ ಹಾರ್ತಾವ." ಬೇಡ ಅಂದಾಗ ಅವನಿಗೆ ಆಶ್ಚರ್ಯ. ಹಿಂದೆ ಯಾರೋ ಕಾರಿನಲ್ಲಿ ಬಂದವರು ಅವನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಕಲ್ಲು ಹೊಡೆಸಿದ್ದರಂತೆ.

ಹುಡುಗನನ್ನು ಬೈಯುವುದು ಸುಲಭ. ಆದರೆ ಆ ಇಪ್ಪತ್ತು ರೂಪಾಯಿ ಕೊಟ್ಟವರ ಕೊರಳಲ್ಲಿ ಲಕ್ಷಗಟ್ಟಲೆಯ ಕ್ಯಾಮೆರಾ ಇರುತ್ತದೆ. ನಮ್ಮ ತಕರಾರು ಅವರ ಮೇಲೆ.

ಹೆಬ್ಬಾತಿನ ದಿನಚರಿ ತಿಳಿದರೆ ಕಲ್ಲಿನ ಪೆಟ್ಟು ಎಲ್ಲಿಗೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಅವು ಸಂಜೆ ಕತ್ತಲಾದಂತೆ ಸುತ್ತಲ ಹೊಲಗಳಿಗೆ ಮೇಯಲು ಹೋಗಿ ಬೆಳಗ್ಗೆ ಕೆರೆಗೆ ಮರಳುತ್ತವೆ. ಹಗಲು ನೀರಿನಲ್ಲಿ ಸುಮ್ಮನೆ ತೇಲುವುದೇ ಅವುಗಳ ವಿಶ್ರಾಂತಿ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವನನ್ನು ಮಧ್ಯಾಹ್ನ ನಾಲ್ಕು ಸಲ ಎಬ್ಬಿಸಿದರೆ ಹೇಗೆ? ತಿಂದು ಕೂಡಿಸಿದ ಕೊಬ್ಬೇ ವಾಪಸ್ ಪ್ರಯಾಣಕ್ಕೆ ಅದರ ಬುತ್ತಿ. ಸುಮ್ಮಸುಮ್ಮನೆ ಹಾರಿಸಿದಷ್ಟೂ ಅದು ಕರಗುತ್ತದೆ. ಕಳೆದದ್ದನ್ನು ತುಂಬಿಕೊಳ್ಳಲು ಮತ್ತೆ ಯಾರದೋ ಕಡಲೆ ಹೊಲಕ್ಕೇ ಇಳಿಯಬೇಕು. ಫೋಟೋ ಒಬ್ಬರದು, ಬೆಳೆ ಇನ್ನೊಬ್ಬರದು.

ಮತ್ತೆ, ಹಾರುವ ಫೋಟೋಕ್ಕೆ ಕಲ್ಲು ಬೇಕಾಗಿಯೇ ಇಲ್ಲ. ಸೂರ್ಯ ಹುಟ್ಟುವ ಮೊದಲು ಏರಿ ಹತ್ತಿರ ಕೂತರೆ ಸಾಲುಸಾಲಾಗಿ ಬಂದು, ಕಾಲು ಚಾಚಿ, ರೆಕ್ಕೆ ಅಗಲಿಸಿ ನೀರಿಗೆ ಇಳಿಯುತ್ತವೆ. ಬೆಳಕು ಕಡಿಮೆ ನಿಜ. ಐಎಸ್‌ಒ ಏರಿಸಬೇಕು, ಫೋಟೋದಲ್ಲಿ ಸ್ವಲ್ಪ ಮರಳು ಬರುತ್ತದೆ. ಬರಲಿ. ರಿಪೇರಿಯಾದ ಮೋಟರ್ ಆ ಹೊತ್ತಲ್ಲೂ ಫೋಕಸ್ ಹಿಡಿಯಿತು, ದುಡ್ಡು ಅಲ್ಲಿಗೆ ತೀರಿತು. (ಈಗ ಲೆನ್ಸ್ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪೊಟ್ಟಣ ಎಸೆಯಬೇಡಿ.)

ಸುಮ್ಮನೆ ತೇಲುವ ಹಕ್ಕಿಯ ಫೋಟೋ ಸಪ್ಪೆ ಅನ್ನುವವರಿಗೆ ಇನ್ನೊಂದು ವಿಷಯ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ, ಅಂಕಿ ಇರುವ ಪಟ್ಟಿ ಹಾಕಿ ಬಿಟ್ಟಿದ್ದಾರೆ. ಅಂಥವು ಕರ್ನಾಟಕದ ಕೆರೆಗಳಲ್ಲೂ ಕಂಡಿವೆ. ಪಟ್ಟಿ ಓದಲು ಹಕ್ಕಿ ನೆಮ್ಮದಿಯಿಂದ ಇರಬೇಕು, ಲೆನ್ಸ್ ಚೊಕ್ಕ ಇರಬೇಕು. ನಮಗೆ ಆ ದಿನ ಒಂದೂ ಸಿಗಲಿಲ್ಲ. ನಿಮಗೆ ಕಂಡರೆ ಫೋಟೋ, ದಿನಾಂಕ, ಕೆರೆಯ ಹೆಸರು ಅರಣ್ಯ ಇಲಾಖೆಯವರಿಗೆ ಮುಟ್ಟಿಸಿ.

ಅಂಕಸಮುದ್ರದಂಥ ಕಡೆ ಮಾತು ಇನ್ನೂ ಬಿಗಿ, ಅಲ್ಲಿ ಹಕ್ಕಿ ಮರದ ಮೇಲೆ ಮರಿ ಮಾಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಪದದ ಅರ್ಥದಲ್ಲೇ ಮೊಟ್ಟೆ, ಗೂಡು ಕೆದಕುವುದನ್ನೂ ಸೇರಿಸಿದೆ.

ಪೇಪರ್ ಡೆಸ್ಕಿನವರಿಗೂ ಒಂದು ಮಾತು. "ಹಾರೋದು ಕಳಿಸಿ" ಅಂತ ಮೆಸೇಜ್ ಹಾಕುವಾಗ "ಎಷ್ಟು ಗಂಟೆಗೆ ತೆಗೆದದ್ದು?" ಅಂತಲೂ ಕೇಳಿ. ಮಟಮಟ ಮಧ್ಯಾಹ್ನ ಸಾವಿರ ಹೆಬ್ಬಾತು ಒಟ್ಟಿಗೆ ಎದ್ದಿದ್ದರೆ, ಯಾಕೆ ಎದ್ದವು ಅನ್ನುವುದೇ ಮುಂದಿನ ಪ್ರಶ್ನೆ.