ಬಿಟ್ಟ ಪುಟಗಳ ಜಗಳ

ಅಮೆರಿಕೆಯ ಲೇಖಕ ವಿಲಿಯಂ ಗೋಲ್ಡ್‌ಮನ್ 1973ರಲ್ಲಿ ಪ್ರಕಟಿಸಿದ 'ದಿ ಪ್ರಿನ್ಸೆಸ್ ಬ್ರೈಡ್' ಎಂಬ ವಿನೋದಮಯ ಅದ್ಭುತ ಕಾದಂಬರಿಯನ್ನು ಓದಿದವರೆಲ್ಲರೂ ಮೆಚ್ಚಲಿಲ್ಲ. ಮೆಚ್ಚಿದವರೂ ಒಂದೇ ಕಾರಣಕ್ಕಾಗಿ ಮೆಚ್ಚಲಿಲ್ಲ. ಕಥೆಯಲ್ಲಿ ಬೇಕಾದುದೆಲ್ಲ ಉಂಟು. ರೈತನ ಮಗಳು ಬಟರ್‌ಕಪ್, ಅವಳಿಗಾಗಿ ಹಣ ಗಳಿಸಲು ಕಡಲು ದಾಟಿದ ಆಳು ವೆಸ್ಟ್ಲಿ, ತಂದೆಯನ್ನು ಕೊಂದ ಆರು ಬೆರಳಿನವನನ್ನು ಹುಡುಕುತ್ತ ಅಲೆಯುವ ಕತ್ತಿವರಸೆಯ ವೀರ ಇನಿಗೊ, ಪ್ರಾಸ ಕಟ್ಟುವುದರಲ್ಲೇ ಸುಖ ಕಾಣುವ ದೈತ್ಯದೇಹಿ ಫೆಜಿಕ್, ಬೇಟೆಯ ಹುಚ್ಚಿನ ದುಷ್ಟ ರಾಜಕುಮಾರ. ಇವರ ವಿಷಯದಲ್ಲಿ ಹೆಚ್ಚಿನ ವಾಚಕರಿಗೆ ತಕರಾರಿಲ್ಲ. ಜಗಳವೆಲ್ಲ ಗ್ರಂಥಕರ್ತನು ನಡುನಡುವೆ ಬಾಯಿ ಹಾಕುವುದರ ಮೇಲೆ.

ಈ ಕಥೆಯನ್ನು ಬರೆದವನು ತಾನಲ್ಲ, ಫ್ಲೋರಿನ್ ದೇಶದ ಮಾರ್ಗನ್‌ಸ್ಟರ್ನ್ ಎಂಬ ಮಹಾಲೇಖಕ ಎಂದು ಗೋಲ್ಡ್‌ಮನ್ ಆರಂಭದಲ್ಲೇ ಘೋಷಿಸುತ್ತಾನೆ. ಹತ್ತು ವರ್ಷದ ತಾನು ನ್ಯುಮೋನಿಯಾದಿಂದ ಎದ್ದು ಹಾಸಿಗೆಯಲ್ಲಿದ್ದಾಗ, ಇಂಗ್ಲಿಷು ಸರಿಯಾಗಿ ಬಾರದ ತಂದೆ ಅದನ್ನು ಓದಿ ಹೇಳಿದನಂತೆ. ಮುಂದೆ ತನ್ನ ಮಗನಿಗೆ ಅದೇ ಪುಸ್ತಕವನ್ನು ಹುಡುಕಿ ತರಿಸಿಕೊಟ್ಟರೆ ಮಗನಿಗೆ ರುಚಿಸಲಿಲ್ಲ. ತೆರೆದು ನೋಡಿದರೆ ರಾಜವಂಶದ ವಿವರ, ಉಡುಪುಗಳ ಪಟ್ಟಿ! ಅವನ್ನೆಲ್ಲ ತಂದೆ ಸದ್ದಿಲ್ಲದೆ ಹಾರಿಸಿ ಓದಿದ್ದನು. ಆದುದರಿಂದ ಈಗ ಸ್ವಾರಸ್ಯದ ಭಾಗಗಳನ್ನಷ್ಟೇ ಉಳಿಸಿ, ಬಿಟ್ಟ ಕಡೆಗಳಲ್ಲಿ ಟಿಪ್ಪಣಿ ಬರೆದಿರುವುದಾಗಿ ಅವನ ವಾದ.

ಇದೆಲ್ಲವೂ ಕಟ್ಟುಕಥೆ. ಫ್ಲೋರಿನ್ ಎಂಬುದು ಹಳೆಯ ನಾಣ್ಯದ ಹೆಸರು. ಶತ್ರುರಾಜ್ಯವಾದ ಗಿಲ್ಡರ್ ಎಂಬುದೂ ಅಷ್ಟೆ. ಗೋಲ್ಡ್‌ಮನ್‌ನಿಗೆ ಗಂಡುಮಗನೇ ಇರಲಿಲ್ಲ, ಇದ್ದವರು ಇಬ್ಬರು ಹೆಣ್ಣುಮಕ್ಕಳು. ಯಾವ ಕಥೆ ಬೇಕೆಂದು ಕೇಳಿದಾಗ ಒಬ್ಬಳು ರಾಜಕುಮಾರಿಯದೆಂದೂ ಇನ್ನೊಬ್ಬಳು ಮದುವಣಗಿತ್ತಿಯದೆಂದೂ ಹೇಳಿದ್ದರಿಂದ ಪುಸ್ತಕಕ್ಕೆ ಆ ಹೆಸರು ಬಂದಿತು. ಆದರೂ ಮಾರ್ಗನ್‌ಸ್ಟರ್ನನ ಸಂಪೂರ್ಣ ಗ್ರಂಥವನ್ನು ಅಂಗಡಿಗಳಲ್ಲಿ ಹುಡುಕಿ ಹೈರಾಣಾದ ಮುಗ್ಧರು ಕಡಿಮೆಯಲ್ಲ.

1987ರಲ್ಲಿ ರಾಬ್ ರೈನರ್ ತೆಗೆದ ಚಲನಚಿತ್ರವನ್ನು ನೋಡಿ ಪುಸ್ತಕಕ್ಕೆ ಬಂದವರಲ್ಲಿ ಅಸಮಾಧಾನ ಹೆಚ್ಚು. ಚಿತ್ರದಲ್ಲಿ ಅಜ್ಜನೊಬ್ಬನು ಮೊಮ್ಮಗನಿಗೆ ಅಕ್ಕರೆಯಿಂದ ಓದುತ್ತಾನೆ. ಕೊನೆಯಲ್ಲಿ ಎಲ್ಲರೂ ಕುದುರೆಯೇರಿ ಸುಖವಾಗಿ ಪಾರಾಗುತ್ತಾರೆ. ಪುಸ್ತಕದಲ್ಲಿ ತಂದೆ ಅಲ್ಲಿಗೇ ಓದು ನಿಲ್ಲಿಸಿದನು, ನಿಜ. ಆದರೆ ಅವನು ಬಿಟ್ಟ ಸಾಲುಗಳನ್ನು ಮಗ ಬಯಲಿಗೆಳೆಯುತ್ತಾನೆ: ಇನಿಗೊನ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ, ಫೆಜಿಕ್ ದಾರಿ ತಪ್ಪುತ್ತಾನೆ, ಬಟರ್‌ಕಪ್ಪಳ ಕುದುರೆಯ ಲಾಳ ಕಳಚುತ್ತದೆ, ಬೆನ್ನಟ್ಟುವವರ ಸದ್ದು ಸಮೀಪಿಸುತ್ತದೆ. ಹೀಗೆ ಮೋಸ ಮಾಡಬಹುದೇ ಎಂದು ಒಂದು ಪಕ್ಷ. ಇನ್ನೊಂದು ಪಕ್ಷಕ್ಕೆ ಇದೇ ಪುಸ್ತಕದ ಜೀವಾಳ. ರೋಗದಿಂದ ಚೇತರಿಸಿಕೊಳ್ಳುವ ಮಗುವಿನಿಂದ ಯಾವುದನ್ನು ಮರೆಮಾಡಬೇಕೆಂದು ತಂದೆಗೆ ತಿಳಿದಿತ್ತು, ದೊಡ್ಡವನಾದ ಮಗ ಅದನ್ನು ತಾನಾಗಿ ಓದಿಕೊಳ್ಳಬೇಕಾಯಿತು.

ಎರಡನೆಯ ಪಕ್ಷದ ಮಾತಿನಲ್ಲಿ ಹೆಚ್ಚು ಹುರುಳಿದೆ. ಮೊದಲ ಅಧ್ಯಾಯಗಳನ್ನು ಬರೆದ ಬಳಿಕ ಗೋಲ್ಡ್‌ಮನ್‌ನ ಲೇಖನಿ ನಿಂತೇಹೋಗಿತ್ತು. ಬೇರೊಬ್ಬನ ಗ್ರಂಥವನ್ನು ಸಂಗ್ರಹಿಸುವ ನೆಪ ಹೊಳೆದ ಮೇಲೆಯೇ ಕಥೆ ಓಡಿತು. ಕನ್ನಡಿಗರಿಗೆ ಈ ನೆಪ ಹೊಸದೇನೂ ಅಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ತಮ್ಮ 'ಶ್ರೀರಾಮಾಶ್ವಮೇಧ'ವನ್ನು ಪ್ರಾಚೀನ ಕೃತಿಯೆಂಬಂತೆಯೇ ಪ್ರಕಟಣೆಗೆ ಕಳುಹಿಸಿದ್ದರು. ಅಲ್ಲಿಯೂ ಕಥೆಗೆ ಅಡ್ಡಬರುವ ಮುದ್ದಣ ಮನೋರಮೆಯರ ಸರಸವೇ ಯಜ್ಞಾಶ್ವಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಿತು.

ಹಾಗೆಂದು ಆಕ್ಷೇಪಿಸುವವರೆಲ್ಲ ಅರಸಿಕರಲ್ಲ. ಕಲ್ಪಿತ ಮಗನ ಸ್ಥೂಲದೇಹವನ್ನು ಕುರಿತ ಹಾಸ್ಯ ಕ್ರೂರವಾಗಿದೆ. ನಾಯಕಿಯನ್ನು ಇಷ್ಟು ಮಂದಮತಿಯನ್ನಾಗಿ ಮಾಡಬೇಕಾಗಿರಲಿಲ್ಲ. ಮುನ್ನುಡಿಯೂ ದೀರ್ಘವಾಯಿತು.

ಬಟರ್‌ಕಪ್ ಮತ್ತು ವೆಸ್ಟ್ಲಿಯರ ಪುನರ್ಮಿಲನದ ದೃಶ್ಯವನ್ನು ತಾನೇ ಬರೆದಿರುವುದಾಗಿಯೂ, ಪ್ರಕಾಶಕರು ಅದನ್ನು ಅಚ್ಚು ಹಾಕಲು ಒಪ್ಪಲಿಲ್ಲವೆಂದೂ, ಬೇಕಾದವರು ಅವರಿಗೆ ಬರೆದು ತರಿಸಿಕೊಳ್ಳಬಹುದೆಂದೂ ಗೋಲ್ಡ್‌ಮನ್ ಪುಸ್ತಕದಲ್ಲಿ ಸೂಚಿಸಿದ್ದನು. ಬಹಳ ಮಂದಿ ಬರೆದರು. ಅವರಿಗೆ ಬಂದದ್ದು ಮಾರ್ಗನ್‌ಸ್ಟರ್ನನ ವಾರಸುದಾರರ ಪರವಾಗಿ ವಕೀಲರು ಒಡ್ಡಿದ ಅಡ್ಡಿಗಳನ್ನು ವಿವರಿಸುವ ಒಂದು ಪತ್ರ.