ತೊಟ್ಟಿಯ ರೋಗ ಹಳ್ಳಕ್ಕೆ ಇಳಿಯದಿರಲಿ

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಜೀವಿಯೊಂದು ಕಾಯಿಲೆ ಬಿದ್ದರೆ ಅದು ಸಾಕಿದವರ ಸ್ವಂತ ವಿಷಯ ಎಂಬುದು ಸಾಮಾನ್ಯ ತಿಳಿವಳಿಕೆ. ನ್ಯೂಟ್‌ಗಳ ಮಟ್ಟಿಗೆ ಈ ತಿಳಿವಳಿಕೆ ಸುಳ್ಳೆಂಬುದು ಯೂರೋಪಿನಲ್ಲಿ ಈಗಾಗಲೇ ಸಾಬೀತಾಗಿದೆ. ಅಲ್ಲಿನ ಕಾಡು ತೆತ್ತ ಬೆಲೆಯನ್ನು ನಮ್ಮ ಘಟ್ಟವೂ ತೆರಬೇಕಾಗಿಲ್ಲ. ಆದರೆ ಅದಕ್ಕೆ ನಾವು ಈಗಲೇ ಎಚ್ಚರಗೊಳ್ಳಬೇಕು.

ನ್ಯೂಟ್ ಎಂದರೆ ಬಾಲವುಳ್ಳ ಉಭಯವಾಸಿ. ಸಾಲಮಾಂಡರ್ ಬಳಗದ್ದು, ಕಪ್ಪೆಗೆ ಬಂಧು. ನೋಟಕ್ಕೆ ಹಲ್ಲಿಯಂತಿದ್ದರೂ ಇದರ ಮೈಮೇಲೆ ಹುರುಪೆಯಿಲ್ಲ. ನಮ್ಮ ಸಹ್ಯಾದ್ರಿಯಲ್ಲಿ ಈ ಜೀವಿ ಇಲ್ಲವೇ ಇಲ್ಲ. ಭಾರತದಲ್ಲಿ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ ಇದರ ವಾಸ. ಡಾರ್ಜಿಲಿಂಗ್ ಬೆಟ್ಟದ ಜೋರೆಪೋಖ್ರಿ ಎಂಬ ಪುಟ್ಟ ಅಭಯಾರಣ್ಯ ಇದಕ್ಕಾಗಿಯೇ ಹೆಸರಾದದ್ದು. ಚೀನಾ, ಜಪಾನ್, ವಿಯೆಟ್ನಾಂಗಳ ನ್ಯೂಟ್‌ಗಳಾದರೋ ದಶಕಗಳಿಂದ ಪ್ರಪಂಚದ ಸಾಕುಪ್ರಾಣಿ ಮಾರುಕಟ್ಟೆಗೆ ಸರಕಾಗಿ ಹರಿದಿವೆ.

ಆ ಸರಕಿನೊಡನೆ ಒಂದು ರೋಗವೂ ಪ್ರಯಾಣ ಬೆಳೆಸಿತು. ನೆದರ್‌ಲ್ಯಾಂಡ್ಸ್‌ನ ದಕ್ಷಿಣ ತುದಿಯ ಬುಂಡರ್‌ಬೋಸ್ ಕಾಡಿನಲ್ಲಿ ಕಪ್ಪು ಹಳದಿ ಬಣ್ಣದ ಫೈರ್ ಸಾಲಮಾಂಡರ್‌ಗಳು 2010ರಿಂದ ಸಾಯತೊಡಗಿದವು. 2013ರ ಹೊತ್ತಿಗೆ ಅವುಗಳಲ್ಲಿ ಶೇಕಡಾ 96ರಷ್ಟು ಅಳಿದಿದ್ದವು. ಕಾರಣವಾದ ಶಿಲೀಂಧ್ರವನ್ನು ವಿಜ್ಞಾನಿಗಳು ಅದೇ ವರ್ಷ ಗುರುತಿಸಿ ಬಟ್ರಾಕೊಕೈಟ್ರಿಯಂ ಸಾಲಮಾಂಡ್ರಿವೊರಾನ್ಸ್ ಎಂದು ಹೆಸರಿಟ್ಟರು. ಹೆಸರಿನ ಉತ್ತರಾರ್ಧಕ್ಕೆ ಸಾಲಮಾಂಡರ್‌ಭಕ್ಷಕ ಎಂದೇ ಅರ್ಥ. ಸಂಕ್ಷೇಪವಾಗಿ ಬಿಸಾಲ್ ಎನ್ನುತ್ತಾರೆ. ಇದರ ಮೂಲ ಏಷ್ಯಾ ಎಂದೂ, ಇಲ್ಲಿನ ಹಲವು ನ್ಯೂಟ್‌ಗಳು ಸಾಯದೆಯೇ ಇದನ್ನು ಮೈಯಲ್ಲಿ ಹೊರಬಲ್ಲವೆಂದೂ 2014ರ ಅಧ್ಯಯನ ತೋರಿಸಿತು. ಮಾರಾಟದ ನ್ಯೂಟ್‌ಗಳೊಡನೆ ಅದು ಯೂರೋಪು ಸೇರಿತೆಂಬುದು ಸಂಶೋಧಕರ ನಿಲುವು. ಅನಂತರ ಬೆಲ್ಜಿಯಂ, ಜರ್ಮನಿಯ ಕಾಡುಗಳಲ್ಲಿಯೂ ಅದು ಕಾಣಿಸಿಕೊಂಡಿತು.

ಇಷ್ಟು ಸಣ್ಣ ಶಿಲೀಂಧ್ರ ಇಷ್ಟು ಜೀವಗಳನ್ನು ಕೊಲ್ಲುವುದು ಹೇಗೆ? ಉಭಯವಾಸಿಗೆ ಚರ್ಮವೆಂದರೆ ಬರಿಯ ಹೊದಿಕೆಯಲ್ಲ. ಅದು ಚರ್ಮದ ಮೂಲಕ ಉಸಿರಾಡುತ್ತದೆ, ನೀರನ್ನೂ ಲವಣವನ್ನೂ ಹೀರಿಕೊಳ್ಳುತ್ತದೆ. ಬಿಸಾಲ್ ಆ ಚರ್ಮವನ್ನೇ ತಿಂದು ಸಣ್ಣ ಹುಣ್ಣುಗಳನ್ನು ಮಾಡುತ್ತದೆ. ಪ್ರಾಣಿ ಮಂಕಾಗುತ್ತದೆ, ಆಹಾರ ಬಿಡುತ್ತದೆ, ಮತ್ತೆ ಮತ್ತೆ ಪೊರೆ ಕಳಚುತ್ತದೆ. ಸೂಕ್ಷ್ಮ ಜಾತಿಗಳು ಎರಡು ಮೂರು ವಾರಗಳಲ್ಲಿ ಸಾಯುತ್ತವೆ. ಶಿಲೀಂಧ್ರದ ಬೀಜಾಣುಗಳು ನೀರಿನಲ್ಲಿ ಈಜಿ ಹರಡುತ್ತವೆ. ಅಡಿಕೆ ತೋಟದ ಕೊಳೆರೋಗವನ್ನು ಬಲ್ಲ ನಮಗೆ ಇದು ಹೊಸ ಪಾಠವಲ್ಲ. ಕೊಳೆರೋಗದ ಬೀಜಾಣುಗಳೂ ನೀರಿನಲ್ಲಿ ಈಜುವಂಥವೇ. ಒಂದು ಮರದ ಕೊಳೆ ಆ ಮರದ ಒಡೆಯನಿಗೆ ಮಾತ್ರ ಸೇರಿದ್ದೆಂದು ಯಾವ ರೈತನೂ ಹೇಳುವುದಿಲ್ಲ.

ನ್ಯೂಟ್ ಕಾಯಿಲೆ ಬಿದ್ದೊಡನೆ ಬಿಸಾಲ್ ಎಂದು ಭೀತಿಗೊಳ್ಳಬೇಕಿಲ್ಲ ಎಂಬುದನ್ನೂ ಹೇಳಬೇಕು. ಸಾಕಿದ ನ್ಯೂಟ್‌ಗಳು ಬಳಲುವುದು ಬಹುಮಟ್ಟಿಗೆ ಕೆಟ್ಟ ನೀರಿನಿಂದ, ಅತಿಯಾದ ಸೆಕೆಯಿಂದ. ಇವು ತಂಪು ನೀರಿನ ಜೀವಿಗಳು. ನಮ್ಮ ನಗರಗಳ ಬೇಸಗೆಯೇ ಇವಕ್ಕೆ ಒಂದು ರೋಗ. ಮಲಿನವಾದ ನೀರಿನಲ್ಲಿ ಸೇರುವ ಅಮೋನಿಯ, ನಲ್ಲಿ ನೀರಿನ ಕ್ಲೋರಿನ್ ಇವುಗಳ ಚರ್ಮವನ್ನು ಸುಡುತ್ತವೆ. ಆದ್ದರಿಂದ ಮೊದಲು ನೀರನ್ನು ಪರೀಕ್ಷಿಸಬೇಕು. ರೋಗಿಯನ್ನು ಬೇರೆ ಪಾತ್ರೆಯಲ್ಲಿಡಬೇಕು. ಅದರ ಬಲೆ, ಚಮಚಗಳನ್ನು ಬೇರೆ ತೊಟ್ಟಿಗೆ ಅದ್ದಬಾರದು. ಮೀನಿನ ಔಷಧವನ್ನು ಅಂದಾಜಿನ ಮೇಲೆ ಸುರಿಯದೆ ಪಶುವೈದ್ಯರನ್ನು ಕಾಣಬೇಕು. ಬಿಸಾಲ್ ಎಂದು ಖಚಿತವಾದರೂ ದಾರಿ ಮುಚ್ಚಿಲ್ಲ: 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ದಿನವಿಟ್ಟರೆ ಸೋಂಕು ನಿರ್ಮೂಲವಾಗುವುದೆಂದು 2015ರಲ್ಲಿ ಕಂಡುಕೊಂಡಿದ್ದಾರೆ. ಆದರೆ ಆ ಶಾಖವನ್ನು ತಾಳದ ಜಾತಿಗಳೂ ಇರುವುದರಿಂದ ಇದು ವೈದ್ಯರ ಕಣ್ಣೆದುರು ನಡೆಯಬೇಕಾದ ಚಿಕಿತ್ಸೆ.

ಹೊಣೆಗಾರಿಕೆ ಇಲ್ಲಿಗೆ ಮುಗಿಯುವುದಿಲ್ಲ; ನಿಜವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. ಸಾಕಲಾರದ ಪ್ರಾಣಿಯನ್ನು ಹೊಳೆಗೆ ಬಿಟ್ಟರೆ ಪುಣ್ಯವೆಂಬ ಭಾವನೆ ನಮ್ಮಲ್ಲಿದೆ. ಕರುಣೆಯಿಂದ ಹುಟ್ಟಿದ ಭಾವನೆಯಾದರೂ ಈ ವಿಷಯದಲ್ಲಿ ಅದು ಅನರ್ಥಕಾರಿ. ಆರೋಗ್ಯವಾಗಿ ಕಾಣುವ ಪ್ರಾಣಿಯೂ ಸೋಂಕನ್ನು ಹೊತ್ತಿರಬಹುದು. ತೊಟ್ಟಿಯ ನೀರನ್ನು ಬ್ಲೀಚಿಂಗ್ ಪುಡಿ ಬೆರೆಸಿ ಬಹಳ ಹೊತ್ತು ಇಟ್ಟ ಮೇಲೆಯೇ, ಹಳ್ಳಕೊಳ್ಳಗಳಿಂದ ದೂರದಲ್ಲಿ ಚೆಲ್ಲಬೇಕು.

ನ್ಯೂಟ್‌ಗಳೇ ಇಲ್ಲದ ಮಲೆನಾಡಿಗೆ ಈ ಮಾತೇಕೆ ಎಂದು ಕೇಳಬಹುದು. ಬಿಸಾಲ್‌ಗೆ ಒಬ್ಬ ಅಣ್ಣನಿದ್ದಾನೆ: ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ. ಅದರಿಂದ ಪ್ರಪಂಚದಲ್ಲಿ ಕನಿಷ್ಠ 501 ಉಭಯವಾಸಿ ಪ್ರಭೇದಗಳು ಕುಗ್ಗಿವೆ, ಅವುಗಳಲ್ಲಿ 90 ಅಳಿದಿರಬಹುದು ಎಂದು 2019ರ ಅಧ್ಯಯನವೊಂದು ಅಂದಾಜಿಸಿತು. ಈ ಶಿಲೀಂಧ್ರ ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿಯೂ ಇದೆಯೆಂದು 2011ರಿಂದೀಚೆಗೆ ವರದಿಯಾಗಿದೆ. ಆದರೆ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನಡೆದಂತಹ ಸಾಮೂಹಿಕ ಸಾವು ಇಲ್ಲಿ ವರದಿಯಾಗಿಲ್ಲ. ಇಲ್ಲಿರುವ ತಳಿಯೊಡನೆ ನಮ್ಮ ಕಪ್ಪೆಗಳು ಹೊಂದಿಕೊಂಡಿರಬಹುದು. ಹೊರಗಿನಿಂದ ಬರುವ ಬೇರೊಂದು ತಳಿಯೊಡನೆಯೂ ಹೊಂದಿಕೊಳ್ಳುತ್ತವೆಂಬ ಭರವಸೆ ಯಾರೂ ಕೊಡಲಾರರು. ನಗರದ ಅಂಗಡಿಯಲ್ಲಿ ಕೊಂಡ ನ್ಯೂಟೋ ಮೆಕ್ಸಿಕೊ ಮೂಲದ ಆಕ್ಸೊಲಾಟಲ್ಲೋ ರಜೆಯಲ್ಲಿ ಘಟ್ಟದ ಮನೆಗೆ ಬಂದು, ಅದರ ನೀರು ಅಂಗಳದ ಕಾಲುವೆ ಸೇರುವುದು ಕಷ್ಟಕಲ್ಪನೆಯಲ್ಲ.

ಅನ್ಯದೇಶಗಳು ಕೈಕಟ್ಟಿ ಕುಳಿತಿಲ್ಲ. ಅಮೆರಿಕ 2016ರಲ್ಲಿ 201 ಸಾಲಮಾಂಡರ್ ಪ್ರಭೇದಗಳ ಆಮದಿಗೆ ತಡೆಯೊಡ್ಡಿತು. ಕೆನಡಾ 2017ರಲ್ಲಿ ಎಲ್ಲ ಸಾಲಮಾಂಡರ್‌ಗಳ ಆಮದನ್ನು ನಿರ್ಬಂಧಿಸಿತು. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ನೋಂದಣಿ ಪ್ರಾಣಿಯ ಲೆಕ್ಕ ಹೇಳುತ್ತದೆಯೇ ಹೊರತು ಅದರ ಚರ್ಮದ ಮೇಲಿನ ಶಿಲೀಂಧ್ರದ ಲೆಕ್ಕವನ್ನಲ್ಲ. ಮಾರಾಟಕ್ಕೆ ಮುನ್ನ ಪ್ರತಿಯೊಂದು ಉಭಯವಾಸಿಗೂ ಚರ್ಮದ ಪರೀಕ್ಷೆ ಮತ್ತು ಪ್ರತ್ಯೇಕವಾಸ ಕಡ್ಡಾಯವಾಗಬೇಕು; ಕಾಡಿನಿಂದ ಹಿಡಿದ ಪ್ರಾಣಿಯ ಮಾರಾಟ ಪೂರ್ಣವಾಗಿ ನಿಲ್ಲಬೇಕು. ಪರೀಕ್ಷೆಯ ವೆಚ್ಚವನ್ನು ಲಾಭ ಪಡೆಯುವ ವ್ಯಾಪಾರಿಯೇ ಹೊರಬೇಕು.

ಕಾನೂನು ಬರುವವರೆಗೆ ನಾವು ಕಾಯಬೇಕಿಲ್ಲ. ಒಂದು ಹಳ್ಳದ ಗೊದಮೊಟ್ಟೆಯನ್ನು ಇನ್ನೊಂದು ಹಳ್ಳಕ್ಕೆ ಒಯ್ಯುವುದು ಬೇಡ. ಕ್ಷೇತ್ರ ಅಧ್ಯಯನಕ್ಕೆ ಹೋಗುವ ವಿದ್ಯಾರ್ಥಿಗಳು ಒಂದು ಹಳ್ಳದಿಂದ ಮತ್ತೊಂದಕ್ಕೆ ಹೋಗುವ ಮುನ್ನ ಪಾದರಕ್ಷೆ, ಬಲೆಗಳನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಲಿ. ಗಾಯವಿಲ್ಲದ ಸತ್ತ ಕಪ್ಪೆಗಳು ಒಂದೇ ಕಡೆ ಹಲವು ಕಂಡರೆ ಬರಿಗೈಯಲ್ಲಿ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸೋಣ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಸತ್ತುಬಿದ್ದ ಮಂಗಗಳು ಒಂದು ರೋಗದ ಸುಳಿವು ಕೊಟ್ಟವು. ಅಂದಿನಿಂದ ಮಲೆನಾಡು ಸತ್ತ ಮಂಗವನ್ನು ಅಲಕ್ಷಿಸುವುದಿಲ್ಲ. ಸತ್ತ ಕಪ್ಪೆಗೂ ಅಷ್ಟೇ ಗಮನ ಸಲ್ಲಬೇಕು. ಮಳೆಗಾಲದ ರಾತ್ರಿಗಳು ನಿಶ್ಶಬ್ದವಾದ ಮೇಲೆ ಕೈಗೊಳ್ಳುವ ಯಾವ ಕ್ರಮವೂ ಆ ಸ್ವರಗಳನ್ನು ಮರಳಿ ತರಲಾರದು.