ಪಹಣಿಯಲ್ಲಿ ಹೆಸರಿಲ್ಲದವಳು

ರೈತರಿಗೆ ಸರ್ಕಾರ ದುಡ್ಡು ಕೊಡುತ್ತದೆ ಎಂದರೆ ನಮ್ಮ ಜಯನಗರದ ಹೆಂಗಸರಿಗೆ ಅದೇನೋ ಹೊಟ್ಟೆಸಂಕಟ. ‘ನಮ್ಮ ತೆರಿಗೆ ಹಣ ಹೀಗೆ ಹಂಚಿಬಿಟ್ಟರೆ ಹೇಗೆ ರೀ?’ ಎಂದು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಲೇ ಶುರು. ಆ ಡಬ್ಬಿಯ ಮೊಸರನ್ನ ಯಾರ ದುಡಿಮೆಯದು ಎಂದು ಕೇಳಿದರೆ ಜಗಳವಾಗುತ್ತದೆ, ಬಿಡಿ. ನನ್ನ ತಕರಾರೇ ಬೇರೆ. ಕೊಡುವುದು ತಪ್ಪಲ್ಲ, ಯಾರ ಕೈಗೆ ಕೊಡುತ್ತಾರೆ ಎನ್ನುವುದು ತಪ್ಪು.

ಕೇಂದ್ರದ ಕಿಸಾನ್ ಸಮ್ಮಾನ್ ಯೋಜನೆ 2019ರಲ್ಲಿ ಬಂತು. ವರ್ಷಕ್ಕೆ 6000 ರೂಪಾಯಿ, ಮೂರು ಕಂತು. ರಾಜ್ಯವೂ ಅದೇ ವರ್ಷ 4000 ಸೇರಿಸಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಉತ್ತವರಿಗಲ್ಲ, ಬಿತ್ತಿದವರಿಗಲ್ಲ, ಕಳೆ ಕಿತ್ತವರಿಗಂತೂ ಅಲ್ಲವೇ ಅಲ್ಲ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14. ಹಾಗಾದರೆ ನಾಟಿ ಹಾಕಿ, ರಾಗಿ ಕೊಯ್ದು, ಕಣ ಮಾಡುವ ಉಳಿದವರೆಲ್ಲ ಯಾರು? ಶಾಲೆಯ ದಾಖಲಾತಿ ಅರ್ಜಿಯಲ್ಲಿ ಬರೆಯುವಂತೆ ‘ಗೃಹಿಣಿ’ಯರು!

ನಾಲ್ಕನೇ ಬ್ಲಾಕಿಗೆ ಕನಕಪುರದ ಕಡೆಯಿಂದ ಸೊಪ್ಪು ತರುವ ಹೆಣ್ಣುಮಗಳೊಬ್ಬಳಿದ್ದಾಳೆ. ಒಂದೂವರೆ ಎಕರೆ ಅವಳೊಬ್ಬಳದೇ ದುಡಿಮೆ. ಗಂಡ ಹೋಗಿ ಆರು ವರ್ಷ. ಜಮೀನು ಮಾವನ ಹೆಸರಿನಲ್ಲಿತ್ತು. ಅವನು ಇರುವವರೆಗೆ ಕಂತು ಅವನಿಗೆ ಬಂತು, ಹೋದ ಮೇಲೆ ಯಾರಿಗೂ ಇಲ್ಲ. ಪೌತಿ ಖಾತೆ ಮಾಡಿಸೋಣವೆಂದರೆ ವಂಶವೃಕ್ಷ ಬೇಕು, ವಾರಸುದಾರರೆಲ್ಲ ಒಪ್ಪಬೇಕು. ಮೈದುನರಿಬ್ಬರು ‘ಆಮೇಲೆ ನೋಡೋಣ ಅತ್ಗೆ’ ಎನ್ನುತ್ತಲೇ ಇದ್ದಾರೆ. ‘ನಾನು ರೈತಳಲ್ವಂತೆ ಟೀಚರಮ್ಮ, ಕಂಪ್ಯೂಟರ್‌ನಲ್ಲಿ ಇಲ್ವಂತೆ’ ಎಂದು ನಕ್ಕಳು. ಕೈಯಲ್ಲಿ ಮಣ್ಣು ಇನ್ನೂ ಒಣಗಿರಲಿಲ್ಲ.

ಗಂಡನ ಖಾತೆಗೆ ಬಂದರೂ ಮನೆಗೇ ತಾನೇ ಎನ್ನುವವರಿದ್ದಾರೆ. ಹಾಗಿದ್ದರೆ ನಿಮ್ಮ ಸಂಬಳವನ್ನು ಯಜಮಾನರ ಖಾತೆಗೆ ಹಾಕಿಸಿಕೊಳ್ಳಿ, ಮನೆಗೇ ತಾನೇ!

ಬೇರೆ ದಾರಿ ಇಲ್ಲವೆಂದಲ್ಲ. ಹಾಲಿನ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದಾಗ ಡೇರಿಗೆ ಹಾಕಿದ ಹಾಲು ನೋಡಿದರು, ಪಹಣಿ ನೋಡಲಿಲ್ಲ. 2023ರ ಗೃಹಲಕ್ಷ್ಮಿಗೆ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಲಿಲ್ಲ. ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2000 ಎಂದರು. ಎಂ.ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿದ್ದಾಗ 2011ರ ಮಸೂದೆಯೊಂದನ್ನು ಮಂಡಿಸಿದ್ದರು: ಗ್ರಾಮಸಭೆ ಒಪ್ಪಿದರೆ ಸಾಕು, ಪಂಚಾಯಿತಿಯೇ ಹೆಂಗಸಿಗೆ ರೈತಳೆಂಬ ಪ್ರಮಾಣಪತ್ರ ಕೊಡಬೇಕೆಂದು. ಅದು ಕಾನೂನಾಗಲೇ ಇಲ್ಲ. ಹೊಲದಲ್ಲಿ ದುಡಿಯುವವರು ಯಾರೆಂದು ಊರಿಗೆಲ್ಲ ಗೊತ್ತು, ವಿಧಾನಸೌಧಕ್ಕೂ ದೆಹಲಿಗೂ ಮಾತ್ರ ಗೊತ್ತಿಲ್ಲ.

ಸರ್ಕಾರವನ್ನಷ್ಟೇ ಬೈದು ಮುಗಿಸಲಾರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ನಮ್ಮ ರಾಜ್ಯ 1994ರಲ್ಲೇ ಹೇಳಿತು, ದೇಶ 2005ರಲ್ಲಿ. ಆದರೂ ಪಹಣಿಗೆ ಹೆಂಗಸಿನ ಹೆಸರು ಬರದಂತೆ ನೋಡಿಕೊಳ್ಳುವವರಲ್ಲಿ ನಾವೂ ಇದ್ದೇವೆ. ಅಣ್ಣತಮ್ಮಂದಿರು ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ ಸಾಕು, ಓದದೆ ಸಹಿ! ಮುಂದಿನ ಸಲ ಕರೆದಾಗ ಹೋಗಿ, ಆದರೆ ಪೆನ್ನು ಹಿಡಿಯುವ ಮೊದಲು, ಹೊಲದಲ್ಲಿ ಬೆನ್ನು ಬಗ್ಗಿಸುವ ಅತ್ತಿಗೆಯ ಹೆಸರನ್ನೂ ಪಹಣಿಗೆ ಸೇರಿಸಿದರೆ ಮಾತ್ರ ಸಹಿ ಎಂದು ಹೇಳಿ ನೋಡಿ. ಆಗ ಯಾರ ಮುಖ ಕಪ್ಪಿಡುತ್ತದೆ, ಅಡುಗೆಮನೆ ಬಾಗಿಲಲ್ಲಿ ನಿಂತ ಅತ್ತಿಗೆ ಯಾರನ್ನು ನೋಡುತ್ತಾಳೆ, ಅದನ್ನು ನನಗೊಂದು ಕಾಗದದಲ್ಲಿ ಬರೆಯಿರಿ.